ಹಳೇ ಹಾರ್ಡ್‌ಡಿಸ್ಕ್, ಪೆನ್‌ಡ್ರೈವ್, ಮೊಬೈಲ್ ಗುಜರಿಗೆ ಹಾಕುವ ಮುಂಚೆ

"ಹಳೇ ಮೊಬೈಲ್, ಕೆಟ್ಟೋಗಿರೋ ಮೊಬೈಲ್ ಕೊಡಿ, ಪ್ಲಾಸ್ಟಿಕ್ ಟಬ್ ತಗೊಳ್ಳಿ" ಅಂತ ಮೈಕ್ ಹಾಕಿಕೊಂಡು ಬೈಕಿನಲ್ಲಿ ಬರುವವರನ್ನು ನೀವೂ ನೋಡಿರುತ್ತೀರಿ. ಕೆಟ್ಟ ಮೊಬೈಲು ಹೇಗೂ ಬೀರುವಿನಲ್ಲಿ ಧೂಳು ತಿನ್ನುತ್ತಿದೆ, ಟಬ್ಬಾದರೂ ಬರಲಿ ಎಂದು ಕೊಟ್ಟುಬಿಡುತ್ತೇವೆ. ಆದರೆ ಕೆಟ್ಟಿರುವುದು ಏನು? ಹೆಚ್ಚಾಗಿ ಡಿಸ್‌ಪ್ಲೇ, ಇಲ್ಲವೇ ಚಾರ್ಜಿಂಗ್ ಪಿನ್, ಇಲ್ಲವೇ ಬ್ಯಾಟರಿ. ಆಧಾರ್ ಕಾರ್ಡಿನ ಫೋಟೊ, ಪಾಸ್‌ಬುಕ್ಕಿನ ಮೊದಲ ಪುಟ, ಮನೆ ಮಕ್ಕಳ ವಿಡಿಯೊ ಎಲ್ಲ ಕೂತಿರುವ ಚಿಪ್ಪಿಗೆ ಏನೂ ಆಗಿರುವುದಿಲ್ಲ.

ಕಂಪ್ಯೂಟರಿನದೂ ಇದೇ ಕಥೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಹಾರ್ಡ್‌ಡಿಸ್ಕ್ ಕೇಳಿ ನೋಡಿ, ಬೇಕಾದ ಸೈಜಿನದು ಸಿಗುತ್ತದೆ. ಅವೆಲ್ಲ ಒಂದು ಕಾಲಕ್ಕೆ ಯಾರದೋ ಆಫೀಸಿನಲ್ಲಿ, ಯಾರದೋ ಮನೆಯಲ್ಲಿ ಇದ್ದವೇ. ಅಮೆರಿಕದ ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಅನ್ನುವ ಇಬ್ಬರು ಹೀಗೇ 158 ಹಳೇ ಡಿಸ್ಕ್ ಕೊಂಡು ತಂದು ಒಳಗೆ ಏನಿದೆ ಅಂತ ನೋಡಿದರು. 2003ರಲ್ಲಿ ಅದನ್ನು ಬರೆದರು. ಕೆಲಸ ಮಾಡುತ್ತಿದ್ದ 129 ಡಿಸ್ಕ್‌ಗಳಲ್ಲಿ ಸರಿಯಾಗಿ ಒರೆಸಿದ್ದು ಬರೀ 12. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ನಂಬರುಗಳು, ಆಸ್ಪತ್ರೆ ಕಾಗದಗಳು, ಖಾಸಗಿ ಪತ್ರಗಳು. ಒಂದು ಡಿಸ್ಕ್ ಎಟಿಎಂ ಒಳಗಿಂದಲೇ ಬಂದಂತಿತ್ತು.

ಮಾರಿದವರೆಲ್ಲ ಬೇಜವಾಬ್ದಾರಿಗಳು ಅಂತಲ್ಲ. ತುಂಬಾ ಜನ ಫಾರ್ಮ್ಯಾಟ್ ಹೊಡೆದೇ ಮಾರಿದ್ದರು.

ಡಿಲೀಟ್ ಮಾಡಿದರೆ ಹೋಗುವುದು ಏನು

ಫೈಲ್ ಡಿಲೀಟ್ ಮಾಡಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿದರೂ ಹಾರ್ಡ್‌ಡಿಸ್ಕ್‌ನಲ್ಲಿ ಆ ಫೈಲು ಇದ್ದಲ್ಲೇ ಇರುತ್ತದೆ. ಹೋಗುವುದು ಅದರ ಹೆಸರು ಮತ್ತು ವಿಳಾಸ ಮಾತ್ರ. ಪಹಣಿಯಲ್ಲಿ ಹೆಸರು ಹೊಡೆದು ಹಾಕಿದ ಮಾತ್ರಕ್ಕೆ ಹೊಲದಲ್ಲಿರುವ ಬೆಳೆ ಮಾಯವಾಗುತ್ತದಾ? ಹಾಗೆ. ಆ ಜಾಗದ ಮೇಲೆ ಬೇರೆ ಏನಾದರೂ ಬರೆಯುವವರೆಗೂ ಹಳೆಯದು ಉಳಿದಿರುತ್ತದೆ. ಫೋಟೊರೆಕ್, ರೆಕುವಾ ಮುಂತಾದ ಪುಕ್ಕಟೆ ಪ್ರೋಗ್ರಾಮುಗಳು ಹುಡುಕಿ ತೆಗೆಯುವುದು ಇದನ್ನೇ. ಇದಕ್ಕೆ ಹ್ಯಾಕರ್ ಆಗಬೇಕಿಲ್ಲ, ಕಂಪ್ಯೂಟರ್ ಅಂಗಡಿಯ ಹುಡುಗ ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಅರ್ಧ ಡಿಸ್ಕ್ ವಾಪಸ್ ತೆಗೆದಿರುತ್ತಾನೆ.

ಕ್ವಿಕ್ ಫಾರ್ಮ್ಯಾಟ್ ಕೂಡ ಇಷ್ಟೇ, ಹೊಸ ಖಾಲಿ ಪಟ್ಟಿ ಬರೆದು ಸುಮ್ಮನಾಗುತ್ತದೆ. ವಿಂಡೋಸ್ ವಿಸ್ತಾದಿಂದ ಈಚೆಗೆ ಫುಲ್ ಫಾರ್ಮ್ಯಾಟ್ ಮಾತ್ರ ಬೇರೆ. ಕ್ವಿಕ್ ಅನ್ನುವ ಟಿಕ್ ತೆಗೆದು ಫಾರ್ಮ್ಯಾಟ್ ಕೊಟ್ಟರೆ ಆ ಪಾರ್ಟಿಷನ್ (ಡಿಸ್ಕ್‌ನ ಸಿ, ಡಿ ಥರದ ಒಂದು ಭಾಗ) ಉದ್ದಕ್ಕೂ ಸೊನ್ನೆ ಬರೆಯುತ್ತದೆ. ಎಕ್ಸ್‌ಪಿಯಲ್ಲಿ ಹಾಗಿರಲಿಲ್ಲ, ಫುಲ್ ಅಂದರೂ ಕೆಟ್ಟ ಸೆಕ್ಟರ್ (ಡಿಸ್ಕ್‌ನಲ್ಲಿ ಡೇಟಾ ಬರೆಯುವ ಚಿಕ್ಕ ಚಿಕ್ಕ ಖಾನೆ) ಹುಡುಕುತ್ತಿತ್ತು ಅಷ್ಟೇ. ಅಟ್ಟದ ಮೇಲಿರುವ ಆ ಕಾಲದ ಡಿಸ್ಕ್ ಅನ್ನು "ಆಗಲೇ ಫಾರ್ಮ್ಯಾಟ್ ಮಾಡಿದ್ದೆ" ಎಂದು ನಂಬಬೇಡಿ.

ಹಾಗಾದರೆ ಏನು ಮಾಡುವುದು? ಸುತ್ತಿಗೆ ಹುಡುಕುವ ಮುಂಚೆ ಕೈಯಲ್ಲಿರುವುದು ಯಾವ ಜಾತಿಯದು ಅಂತ ನೋಡಿ. ಇದೊಂದೇ ಮುಖ್ಯ ನಿರ್ಧಾರ. ತಿರುಗುವ ಡಿಸ್ಕ್ ಆದರೆ ಮೇಲೆ ಬರೆದು ಒರೆಸಬೇಕು. ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಬರೀ ಚಿಪ್ಪಿನ ಡಿಸ್ಕ್) ಆದರೆ ಅದರ ಕೈಯಲ್ಲೇ ಒರೆಸಿಸಬೇಕು, ಇಲ್ಲವೇ ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀಲಿ ಇಲ್ಲದೆ ಓದಲಾಗದಂತೆ ಮಾಡಿ, ಆ ಕೀಲಿ ಎಸೆಯಬೇಕು. ಕಂಪ್ಯೂಟರಿಗೆ ಕಾಣಿಸದಷ್ಟು ಕೆಟ್ಟಿದ್ದರೆ ಮಾತ್ರ ಒಡೆಯಬೇಕು. ಎಲ್ಲದಕ್ಕೂ ಒಂದೇ ಮದ್ದು ಹಾಕಲು ಹೋದಾಗಲೇ ಎಡವಟ್ಟಾಗುವುದು.

ಅದಕ್ಕೂ ಮುಂಚೆ ಒಂದು ಬ್ಯಾಕಪ್. ಬೇಕಾದ ಫೋಟೊ, ಕಾಗದಪತ್ರ ಬೇರೆ ಕಡೆ ಹಾಕಿಕೊಂಡು, ಅಲ್ಲಿ ತೆರೆದು ನೋಡಿ. ಕಾಪಿ ಆಗಿದೆ ಅಂತ ಬರುವುದಕ್ಕೂ ಫೈಲ್ ತೆರೆದುಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಅಂಗಡಿ, ವ್ಯಾಪಾರದವರು ಟ್ಯಾಲಿ ಡೇಟಾ ಇರುವ ಡಿಸ್ಕ್ ಆದರೆ ಆಡಿಟರ್‌ಗೆ ಒಂದು ಫೋನ್ ಮಾಡಿ. ಜಿಎಸ್‌ಟಿ ಲೆಕ್ಕವನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಕೊಡಬೇಕಾದ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕೆಂದು ಕಾನೂನೇ ಇದೆ. ಈ ಕೆಲಸದಲ್ಲಿ ವಾಪಸ್ ತರುವ ದಾರಿ ಇರುವುದಿಲ್ಲ, ಇಲ್ಲದಿರಲಿ ಅಂತಲೇ ಮಾಡುತ್ತಿರುವುದು.

ತಿರುಗುವ ಹಾರ್ಡ್‌ಡಿಸ್ಕ್: ಒಂದು ಸಲ ಪೂರ್ತಿ ಬರೆದರೆ ಸಾಕು

ಡೆಸ್ಕ್‌ಟಾಪಿನಲ್ಲಿರುವ ದಪ್ಪನೆಯ 3.5 ಇಂಚಿನದು, ಹಳೇ ಲ್ಯಾಪ್‌ಟಾಪಿನ 2.5 ಇಂಚಿನದು, ಕಪ್ಪು ಡಬ್ಬಿಯ ಎಕ್ಸ್‌ಟರ್ನಲ್ ಡಿಸ್ಕ್, ಸಿಸಿಟಿವಿ ದೃಶ್ಯ ರೆಕಾರ್ಡ್ ಮಾಡುವ ಡಿವಿಆರ್ ಡಬ್ಬದ ಒಳಗಿರುವುದು, ಇವೆಲ್ಲ ಈ ಗುಂಪು. ಲ್ಯಾಪ್‌ಟಾಪ್ ಹಾಳಾಗಿ ಡಿಸ್ಕ್ ಮಾತ್ರ ಉಳಿದಿದ್ದರೆ ಒಂದು ಸಾಟಾ ಟು ಯುಎಸ್‌ಬಿ ಕೇಬಲ್ ತಂದು ಬೇರೆ ಕಂಪ್ಯೂಟರಿಗೆ ಹಾಕಬಹುದು. ಚಿಕ್ಕ ಡಿಸ್ಕಿಗೆ ಕೇಬಲ್ ಒಂದೇ ಸಾಕು. ದೊಡ್ಡದಕ್ಕೆ 12 ವೋಲ್ಟಿನ ಅಡಾಪ್ಟರ್ ಇರುವ ಕೇಬಲ್ಲೇ ಬೇಕು, ಇಲ್ಲದಿದ್ದರೆ ಡಿಸ್ಕ್ ತಿರುಗುವುದೇ ಇಲ್ಲ, ನೀವು ಕೆಟ್ಟಿದೆ ಅಂದುಕೊಳ್ಳುತ್ತೀರಿ.

ವಿಂಡೋಸ್‌ನಲ್ಲಿ ಇದಕ್ಕೆ ಏನೂ ಡೌನ್‌ಲೋಡ್ ಮಾಡಬೇಕಿಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಡಿಸ್ಕ್‌ಪಾರ್ಟ್ (diskpart) ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್. ಆಮೇಲೆ ಲಿಸ್ಟ್ ಡಿಸ್ಕ್ (list disk). ಕಂಪ್ಯೂಟರಿಗೆ ಸೇರಿಸಿರುವ ಡಿಸ್ಕ್‌ಗಳೆಲ್ಲ ನಂಬರ್ ಮತ್ತು ಸೈಜಿನ ಸಮೇತ ಸಾಲಾಗಿ ಬರುತ್ತವೆ. ಇಲ್ಲಿ ನಿಧಾನ ಮಾಡಿ. 1 ಟಿಬಿ ಎಂದು ಲೇಬಲ್ ಇರುವುದು ಇಲ್ಲಿ 931 ಜಿಬಿ ಎಂದು ಕಾಣುತ್ತದೆ, 500 ಜಿಬಿಯದು 465 ಎಂದು. ನಿಮ್ಮ ಕಂಪ್ಯೂಟರಿನ ಸ್ವಂತ ಡಿಸ್ಕ್ ಸಾಮಾನ್ಯವಾಗಿ 0 ನಂಬರಿನದು, ಆದರೆ ಯಾವಾಗಲೂ ಅಲ್ಲ. ಎರಡು ಡಿಸ್ಕ್ ಒಂದೇ ಸೈಜಿನವಾದರೆ ಒರೆಸಬೇಕಾದ್ದನ್ನು ಕಿತ್ತು ಮತ್ತೆ ಲಿಸ್ಟ್ ಡಿಸ್ಕ್ ಕೊಡಿ. ಯಾವ ಸಾಲು ಮಾಯವಾಯಿತೋ ಅದೇ ನಿಮಗೆ ಬೇಕಾದ್ದು. ಗೊತ್ತಾದ ಮೇಲೆ ಸೆಲೆಕ್ಟ್ ಡಿಸ್ಕ್ (select disk) ಎಂದು ಬರೆದು ನಂಬರ್ ಕೊಡಿ, ಇನ್ನೊಮ್ಮೆ ಲಿಸ್ಟ್ ಡಿಸ್ಕ್ ಕೊಟ್ಟರೆ ಆರಿಸಿದ ಸಾಲಿನ ಮುಂದೆ ನಕ್ಷತ್ರದ ಗುರುತು ಇರುತ್ತದೆ. ಅದು ಸರಿಯಾದ ಸಾಲೇ ಅಂತ ಖಾತ್ರಿ ಆದ ಮೇಲೆ ಕ್ಲೀನ್ ಆಲ್ (clean all).

ಬರೀ ಕ್ಲೀನ್ ಅಲ್ಲ, ಕ್ಲೀನ್ ಆಲ್. ಬರೀ ಕ್ಲೀನ್ ಕೊಟ್ಟರೆ ಪಾರ್ಟಿಷನ್ ಪಟ್ಟಿ ಅಷ್ಟೇ ಹೋಗುತ್ತದೆ, ಎರಡು ಸೆಕೆಂಡಿನಲ್ಲಿ ಮುಗಿದು "ಆಯ್ತು" ಅನ್ನುತ್ತದೆ. ಆಲ್ ಸೇರಿಸಿದರೆ ಡಿಸ್ಕ್‌ನ ಮೊದಲ ಸೆಕ್ಟರ್‌ನಿಂದ ಕೊನೆಯವರೆಗೂ ಸೊನ್ನೆ ಬರೆಯುತ್ತಾ ಹೋಗುತ್ತದೆ. ಎಷ್ಟು ಪರ್ಸೆಂಟ್ ಆಯಿತು ಎಂದು ತೋರಿಸುವುದಿಲ್ಲ, ಕರ್ಸರ್ ಸುಮ್ನೆ ಮಿನುಗುತ್ತಾ ಕೂತಿರುತ್ತದೆ. ಹ್ಯಾಂಗ್ ಆಗಿಲ್ಲ, ಬಿಡಿ. 1 ಟಿಬಿ ಡಿಸ್ಕ್ ನೇರವಾಗಿ ಸಾಟಾಗೆ ಹಾಕಿದ್ದರೆ ಎರಡು ಮೂರು ಗಂಟೆ, ಹಳೇ ಯುಎಸ್‌ಬಿ 2 ಪೋರ್ಟಿಗೆ ಹಾಕಿದ್ದರೆ ಎಂಟೊಂಬತ್ತು ಗಂಟೆ ಹಿಡಿಯುತ್ತದೆ. ರಾತ್ರಿ ಹಾಕಿ ಮಲಗಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ ಸ್ಲೀಪ್ ಆಫ್ ಮಾಡಿರಿ, ಡೆಸ್ಕ್‌ಟಾಪ್ ಆದರೆ ಕರೆಂಟ್ ಹೋಗುವ ಹೊತ್ತು ನೋಡಿಕೊಳ್ಳಿ. ಮಧ್ಯದಲ್ಲಿ ನಿಂತರೆ ಡಿಸ್ಕ್‌ಗೆ ಏನೂ ಆಗುವುದಿಲ್ಲ, ಮೊದಲಿನಿಂದ ಮಾಡಬೇಕಾಗುತ್ತದೆ ಅಷ್ಟೇ.

ಲಿನಕ್ಸ್ ಬಳಸುವವರಿಗೆ ಡಿಡಿ, ಶ್ರೆಡ್ ಕಮಾಂಡ್ ಗೊತ್ತೇ ಇರುತ್ತವೆ. ಕಂಪ್ಯೂಟರಿನ ಒಳಗಿರುವ ಒಂದೇ ಒಂದು ಡಿಸ್ಕನ್ನೇ ಒರೆಸಬೇಕು ಅಂದರೆ ವಿಂಡೋಸ್ ತಾನು ಕೂತ ಕೊಂಬೆಯನ್ನು ತಾನೇ ಕಡಿಯಲು ಒಪ್ಪುವುದಿಲ್ಲ. ಆಗ ಶ್ರೆಡ್‌ಒಎಸ್ ಅನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದ ಬೂಟ್ ಮಾಡಿ. ಅದರೊಳಗಿನ ಎನ್‌ವೈಪ್ ಡಿಸ್ಕ್ ಪಟ್ಟಿ ತೋರಿಸುತ್ತದೆ, ಆರಿಸಿ ಶುರು ಮಾಡಿದರೆ ಆಯಿತು. ಹಳೇ ಲೇಖನಗಳಲ್ಲೆಲ್ಲ ಡಿಬ್ಯಾನ್ ಎಂಬ ಹೆಸರು ಬರುತ್ತದೆ, ಎನ್‌ವೈಪ್ ಹುಟ್ಟಿದ್ದೂ ಅದರಿಂದಲೇ, ಆದರೆ ಡಿಬ್ಯಾನ್ ಅಪ್‌ಡೇಟ್ ನಿಂತು ವರ್ಷಗಳಾದವು.

ಈಗ ಎಲ್ಲರೂ ಕೇಳುವ ಪ್ರಶ್ನೆ: ಒಂದು ಸಲ ಸಾಕಾ? ಮೂರು ಸಲ ಬೇಕಲ್ವಾ? 35 ಸಲ ಅಂತಾರಲ್ಲ? ಆ 35ರ ಲೆಕ್ಕ ನ್ಯೂಜಿಲೆಂಡಿನ ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧದಿಂದ ಬಂದದ್ದು. ಆಗಿನ ಬೇರೆ ಬೇರೆ ತಂತ್ರದ ಡಿಸ್ಕ್‌ಗಳಿಗೆಲ್ಲ ಸೇರಿಸಿ ಮಾಡಿದ ಪಟ್ಟಿ ಅದು, ಒಂದೇ ಡಿಸ್ಕಿಗೆ 35 ಸಲವೂ ಬೇಕೆಂದು ಅಲ್ಲ. ಈಗಿನ ಡಿಸ್ಕ್‌ಗಳಿಗೆ ಅದು ಅರ್ಥವಿಲ್ಲದ ಕೆಲಸ ಎಂದು ಗುಟ್‌ಮನ್ ಅವರೇ ಆಮೇಲೆ ಬರೆದಿದ್ದಾರೆ. ಅಮೆರಿಕದ ಎನ್‌ಐಎಸ್‌ಟಿ ಎಂಬ ಸರ್ಕಾರಿ ಮಾನದಂಡ ಸಂಸ್ಥೆ 2014ರಲ್ಲಿ ಹೊರತಂದ ಮಾರ್ಗಸೂಚಿಯೂ ಇಂಥ ಡಿಸ್ಕಿಗೆ ಒಂದು ಸಲ ಸೊನ್ನೆ ಬರೆದರೆ ಸಾಮಾನ್ಯವಾಗಿ ಸಾಕು ಅಂದಿತ್ತು. 35 ಸಲಕ್ಕೆ ಕೂತರೆ ನಾಲ್ಕು ದಿನ ಬೇಕು, ಎರಡನೇ ದಿನಕ್ಕೆ ಬೇಸತ್ತು ಅರ್ಧಕ್ಕೇ ನಿಲ್ಲಿಸುತ್ತೀರಿ, ಉಳಿದ ಡಿಸ್ಕ್‌ಗಳನ್ನು ಹಾಗೇ ಕೊಟ್ಟುಬಿಡುತ್ತೀರಿ. ಒಂದು ಸಲ ಮಾಡಿ, ಎಲ್ಲ ಡಿಸ್ಕ್‌ಗೂ ಮಾಡಿ.

ಮುಗಿದ ಮೇಲೆ ಒಂದು ಪರೀಕ್ಷೆ. ಫೋಟೊರೆಕ್ ಅನ್ನು ಅದೇ ಡಿಸ್ಕ್ ಮೇಲೆ ಓಡಿಸಿ. ಒಂದೇ ಒಂದು ಫೋಟೊ ಬಂದರೂ ಎಲ್ಲೋ ತಪ್ಪಿದೆ ಅಂತ ಅರ್ಥ. ಡಿಸ್ಕ್‌ನಲ್ಲಿರುವುದನ್ನು ಇದ್ದ ಹಾಗೇ ಅಂಕಿಗಳಲ್ಲಿ ತೋರಿಸುವ ಎಚ್‌ಎಕ್ಸ್‌ಡಿಯಂಥ ಹೆಕ್ಸ್ ಎಡಿಟರ್‌ನಲ್ಲಿ ತೆರೆದರೆ ಪರದೆ ತುಂಬ ಸೊನ್ನೆ ಸೊನ್ನೆ ಸೊನ್ನೆ, ಮಧ್ಯದಲ್ಲಿ ಎಲ್ಲಿಗೆ ಹಾರಿದರೂ ಸೊನ್ನೆ. ನೋಡಲು ಒಂದು ಥರ ನೆಮ್ಮದಿ.

ಒಂದು ಕೊರತೆ ಇದೆ. ಹಳೇ ಡಿಸ್ಕ್‌ನಲ್ಲಿ ಕೆಲವು ಸೆಕ್ಟರ್ ಕೆಟ್ಟಾಗ ಡಿಸ್ಕ್ ತಾನೇ ಅವನ್ನು ಬದಿಗೆ ಸರಿಸಿ ಬೇರೆ ಜಾಗ ಬಳಸುತ್ತದೆ. ಬದಿಗೆ ಸರಿಸಿದ್ದಕ್ಕೆ ನಮ್ಮ ಸೊನ್ನೆ ತಲುಪುವುದಿಲ್ಲ. ಮನೆ ಫೋಟೊಗಳಿಗೆ ಇದು ಚಿಂತೆಯಲ್ಲ. ನೂರಾರು ಜನರ ಕಾಗದ ಇಟ್ಟುಕೊಂಡಿರುವ ಕ್ಲಿನಿಕ್ಕೋ ಲಾಯರ್ ಆಫೀಸೋ ಆದರೆ ಒರೆಸಿ, ಆಮೇಲೆ ಒಡೆಯಿರಿ ಕೂಡ.

ಎಸ್‌ಎಸ್‌ಡಿ: ಇಲ್ಲಿ ಹಳೇ ವಿದ್ಯೆ ನಡೆಯುವುದಿಲ್ಲ

ಎಸ್‌ಎಸ್‌ಡಿಗೆ ಕ್ಲೀನ್ ಆಲ್ ಕೊಟ್ಟರೆ ಅದೂ "ಆಯ್ತು" ಅನ್ನುತ್ತದೆ. ಆದರೆ ಆಗಿರುವುದು ಬೇರೆ. ಫ್ಲ್ಯಾಶ್ ಚಿಪ್ಪಿನ ಒಂದೊಂದು ಜಾಗಕ್ಕೂ ಇಷ್ಟು ಸಲ ಮಾತ್ರ ಬರೆಯಬಹುದು ಎಂಬ ಆಯಸ್ಸಿದೆ. ಒಂದೇ ಜಾಗ ಬೇಗ ಸವೆಯದಿರಲಿ ಎಂದು ಒಳಗಿರುವ ಕಂಟ್ರೋಲರ್ ಪ್ರತಿ ಸಲವೂ ಹೊಸ ಜಾಗಕ್ಕೆ ಬರೆಯುತ್ತದೆ. "ಈ ಫೈಲ್ ಮೇಲೆ ಸೊನ್ನೆ ಬರಿ" ಎಂದು ನೀವು ಹೇಳಿದರೆ ಅದು ಸೊನ್ನೆಯನ್ನು ಬೇರೆಲ್ಲೋ ಬರೆದು, ಹಳೆಯದನ್ನು ಆಮೇಲೆ ನೋಡೋಣ ಎಂದು ಬಿಟ್ಟಿರುತ್ತದೆ. ಅದರ ಮೇಲೆ, ಕಂಪ್ಯೂಟರಿಗೆ ತೋರಿಸದ ಹೆಚ್ಚುವರಿ ಜಾಗವೂ ಅದರೊಳಗೆ ಇರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನವರು 2011ರಲ್ಲಿ ಎಸ್‌ಎಸ್‌ಡಿಗಳಿಂದ ಚಿಪ್ಪನ್ನೇ ಕಿತ್ತು ಓದಿ ನೋಡಿದರು. ಒಂದೊಂದೇ ಫೈಲನ್ನು ಒರೆಸುವ ಹಾರ್ಡ್‌ಡಿಸ್ಕ್ ಕಾಲದ ಯಾವ ವಿಧಾನವೂ ಅಲ್ಲಿ ಕೆಲಸ ಮಾಡಿರಲಿಲ್ಲ. ಕೆಲವು ಡ್ರೈವ್‌ಗಳಲ್ಲಿ ಕಂಪನಿಯವರೇ ಕೊಟ್ಟ ಅಳಿಸುವ ಕಮಾಂಡ್ ಕೂಡ ಅರೆಬರೆ ಕೆಲಸ ಮಾಡಿತ್ತು.

ಹಾಗಾಗಿ ನಾನು ಹೇಳುವ ಕ್ರಮ ಇದು: ಮೊದಲು ಎನ್‌ಕ್ರಿಪ್ಟ್, ಆಮೇಲೆ ಡ್ರೈವ್‌ನ ಸ್ವಂತ ಸೆಕ್ಯೂರ್ ಇರೇಸ್. ಒಂದು ಕೈ ಕೊಟ್ಟರೂ ಇನ್ನೊಂದು ಕಾಯುತ್ತದೆ.

ವಿಂಡೋಸ್ ಪ್ರೊ ಇದ್ದರೆ ಅದರಲ್ಲೇ ಇರುವ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ ಬಿಟ್‌ಲಾಕರ್ ಆನ್ ಮಾಡಿ. ಬಳಸಿದ ಜಾಗ ಮಾತ್ರವಾ, ಪೂರ್ತಿ ಡ್ರೈವಾ ಎಂದು ಕೇಳುತ್ತದೆ, ಪೂರ್ತಿ ಡ್ರೈವ್ ಅನ್ನಿ. ಹೋಮ್ ಎಡಿಷನ್‌ನಲ್ಲಿ ಬಿಟ್‌ಲಾಕರ್ ಸಿಗದಿದ್ದರೆ ವೆರಾಕ್ರಿಪ್ಟ್ ಪುಕ್ಕಟೆ ಸಿಗುತ್ತದೆ. ಎನ್‌ಕ್ರಿಪ್ಟ್ ಮುಗಿದ ಮೇಲೆ ಡ್ರೈವ್ ತಯಾರಿಸಿದವರ ಸಾಫ್ಟ್‌ವೇರ್ ಹುಡುಕಿ. ಸ್ಯಾಮ್‌ಸಂಗ್‌ಗೆ ಮೆಜಿಶಿಯನ್, ಕ್ರೂಶಿಯಲ್‌ಗೆ ಸ್ಟೋರೇಜ್ ಎಕ್ಸಿಕ್ಯೂಟಿವ್, ಕಿಂಗ್‌ಸ್ಟನ್‌ಗೆ ಎಸ್‌ಎಸ್‌ಡಿ ಮ್ಯಾನೇಜರ್. ಅದರಲ್ಲಿ ಸೆಕ್ಯೂರ್ ಇರೇಸ್ ಅಥವಾ ಸ್ಯಾನಿಟೈಸ್ ಎಂಬ ಬಟನ್ ಹುಡುಕಿ. ಎಷ್ಟೋ ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ, ಅಂದರೆ ಡೆಲ್, ಎಚ್‌ಪಿ, ಥಿಂಕ್‌ಪ್ಯಾಡ್‌ಗಳಲ್ಲಿ, ಇದು ಬಯೋಸ್ ಮೆನುವಿನಲ್ಲೇ (ಕಂಪ್ಯೂಟರ್ ಆನ್ ಆಗುವಾಗ, ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್) ಇರುತ್ತದೆ. ಹಾರ್ಡ್‌ಡಿಸ್ಕ್ ಹಾಗೆ ಗಂಟೆಗಟ್ಟಲೆ ಕಾಯಬೇಕಿಲ್ಲ, ಕೆಲವೇ ಸೆಕೆಂಡಿನಲ್ಲೋ ನಿಮಿಷದಲ್ಲೋ ಮುಗಿಯುತ್ತದೆ. ಇಷ್ಟು ಬೇಗ ಹೇಗೆ ಎಂದು ಅನುಮಾನ ಬೇಡ. ಎಷ್ಟೋ ಡ್ರೈವ್‌ಗಳು ಎಲ್ಲವನ್ನೂ ಮೊದಲಿಂದಲೇ ಒಂದು ಕೀಲಿಯಿಂದ ಎನ್‌ಕ್ರಿಪ್ಟ್ ಮಾಡಿಯೇ ಬರೆದಿರುತ್ತವೆ, ಇರೇಸ್ ಅಂದಾಗ ಆ ಕೀಲಿಯನ್ನು ಎಸೆದು ಹೊಸದು ಮಾಡಿಕೊಳ್ಳುತ್ತವೆ. ಯುಎಸ್‌ಬಿ ಕೇಬಲ್‌ನಲ್ಲಿ ಹಾಕಿದರೆ ಈ ಕಮಾಂಡ್ ಎಷ್ಟೋ ಸಲ ಡ್ರೈವಿಗೆ ತಲುಪುವುದೇ ಇಲ್ಲ, ನೇರವಾಗಿ ಮದರ್‌ಬೋರ್ಡಿಗೆ ಹಾಕಿ. "ಫ್ರೋಜನ್" ಎಂದು ತಕರಾರು ಮಾಡಿದರೆ ಕಂಪ್ಯೂಟರನ್ನು ಒಮ್ಮೆ ಸ್ಲೀಪ್‌ಗೆ ಹಾಕಿ ಎಬ್ಬಿಸಿ, ಹೆಚ್ಚಾಗಿ ಬಿಡುತ್ತದೆ.

ಇಷ್ಟೆಲ್ಲ ತಲೆನೋವು ಬೇಡ, ಲ್ಯಾಪ್‌ಟಾಪನ್ನು ಅಕ್ಕನ ಮಗನಿಗೆ ಓದಲು ಕೊಡುತ್ತಿದ್ದೇನೆ ಅಷ್ಟೇ ಅನ್ನುವವರು ವಿಂಡೋಸ್ 10, 11ರಲ್ಲಿ ಸೆಟ್ಟಿಂಗ್ಸ್‌ನ ರಿಕವರಿಗೆ ಹೋಗಿ ರೀಸೆಟ್ ದಿಸ್ ಪಿಸಿ ಕೊಡಿ. ರಿಮೂವ್ ಎವೆರಿಥಿಂಗ್ ಆರಿಸಿ. ಅಲ್ಲೇ ಚೇಂಜ್ ಸೆಟ್ಟಿಂಗ್ಸ್ ಒತ್ತಿದರೆ ಕ್ಲೀನ್ ಡೇಟಾ ಎಂಬ ಸ್ವಿಚ್ ಇದೆ, ಅದು ತಾನಾಗಿ ಆನ್ ಆಗಿರುವುದಿಲ್ಲ, ಆನ್ ಮಾಡಿ. ಮ್ಯಾಕ್ ಆದರೆ ಇನ್ನೂ ಸುಲಭ: ಎಂ1 ಮತ್ತು ಆಮೇಲಿನವು, ಟಿ2 ಚಿಪ್ ಇರುವ ಇಂಟೆಲ್ ಮ್ಯಾಕ್‌ಗಳು, ಇವುಗಳಲ್ಲಿ ಮಾಂಟೆರಿ ಅಥವಾ ಹೊಸ ಓಎಸ್ ಇದ್ದರೆ ಐಫೋನಿನಂತೆಯೇ ಇರೇಸ್ ಆಲ್ ಕಂಟೆಂಟ್ ಅಂಡ್ ಸೆಟ್ಟಿಂಗ್ಸ್ ಸಿಗುತ್ತದೆ.

ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಒಳಗಿರುವುದೂ ಫ್ಲ್ಯಾಶೇ. ಆದರೆ ಸೆಕ್ಯೂರ್ ಇರೇಸ್ ಸಾಮಾನ್ಯವಾಗಿ ಇರುವುದಿಲ್ಲ. ಫುಲ್ ಫಾರ್ಮ್ಯಾಟ್ ಮಾಡಿ, ಮೇಲೆ ಒಂದೆರಡು ಸಲ ಸಿನಿಮಾ ತುಂಬಿ ಅಳಿಸಿದರೆ ಸಾಮಾನ್ಯ ಜನರ ಕೈಗೆ ಏನೂ ಸಿಗುವುದಿಲ್ಲ. ಅಷ್ಟು ಹೊತ್ತು ಹಾಳು ಮಾಡುವುದಕ್ಕಿಂತ 8 ಜಿಬಿ ಪೆನ್‌ಡ್ರೈವನ್ನು ಒಡೆದು ಹಾಕುವುದೇ ಲೇಸು. ಪ್ಲಾಸ್ಟಿಕ್ ಕವಚ ಬಿಚ್ಚಿ, ಒಳಗಿನ ಹಸಿರು ಬೋರ್ಡಿನ ಮೇಲಿರುವ ದೊಡ್ಡ ಕಪ್ಪು ಚಿಪ್ ನೋಡಿ, ಕಟಿಂಗ್ ಪ್ಲೇಯರ್‌ನಿಂದ ಆ ಚಿಪ್ಪನ್ನೇ ತುಂಡು ಮಾಡಿ. ಯುಎಸ್‌ಬಿ ತುದಿ ಮುರಿದರೆ ಪ್ರಯೋಜನವಿಲ್ಲ, ಅದಕ್ಕೆ ವೈರ್ ಬೆಸುಗೆ ಹಾಕಿ ಓದುತ್ತಾರೆ. ಮೈಕ್ರೋ ಎಸ್‌ಡಿ ಕಾರ್ಡನ್ನು ನಾಲ್ಕು ತುಂಡು ಮಾಡಿದರೆ ಸಾಕು. ಸರ್ಕಾರಿ ಟೆಂಡರ್, ರಿಟರ್ನ್‌ಗೆ ಬಳಸುವ ಡಿಜಿಟಲ್ ಸಿಗ್ನೇಚರ್ ಟೋಕನ್ ನೋಡಲು ಪೆನ್‌ಡ್ರೈವ್ ಹಾಗೇ ಇರುತ್ತದೆ, ಅವಧಿ ಮುಗಿದದ್ದೋ ಅಂತ ನೋಡಿಕೊಂಡು ಆಮೇಲೆ ಕೈ ಹಾಕಿ.

ಮೊಬೈಲ್

ಇಲ್ಲಿ ಸಮಾಧಾನದ ಸುದ್ದಿ ಇದೆ. ಐಫೋನ್‌ಗಳಲ್ಲಿ ಡೇಟಾ ಹಿಂದಿನಿಂದಲೂ ಎನ್‌ಕ್ರಿಪ್ಟ್ ಆಗಿಯೇ ಇರುತ್ತದೆ. ಆಂಡ್ರಾಯ್ಡ್ 10 ಇಟ್ಟುಕೊಂಡೇ ಮಾರುಕಟ್ಟೆಗೆ ಬಂದ ಫೋನ್‌ಗಳಿಗೂ ಎನ್‌ಕ್ರಿಪ್ಷನ್ ಕಡ್ಡಾಯ. ಹಾಗಾಗಿ ಫ್ಯಾಕ್ಟರಿ ರೀಸೆಟ್ ಮಾಡಿದರೆ ಕೀಲಿ ಹೋಗುತ್ತದೆ, ಉಳಿದದ್ದು ಕಸ. ಆದರೆ ತೀರಾ ಹಳೆಯವು ಹೀಗಲ್ಲ. ಕೇಂಬ್ರಿಜ್‌ನ ಲಾರೆಂಟ್ ಸೈಮನ್ ಮತ್ತು ರಾಸ್ ಆಂಡರ್ಸನ್ 2015ರಲ್ಲಿ ಆಂಡ್ರಾಯ್ಡ್ 2.3ರಿಂದ 4.3ರವರೆಗಿನ ಸೆಕೆಂಡ್‌ಹ್ಯಾಂಡ್ ಫೋನ್ ತಂದು ನೋಡಿದಾಗ ರೀಸೆಟ್ ಆದ ಮೇಲೂ ಮೆಸೇಜು, ಫೋಟೊ, ಗೂಗಲ್ ಅಕೌಂಟಿಗೆ ಒಳಹೋಗುವ ಟೋಕನ್ ಸಿಕ್ಕವು. ಅಂಥ ಫೋನ್ ಇನ್ನೂ ಆನ್ ಆಗುತ್ತಿದ್ದರೆ ಸೆಕ್ಯುರಿಟಿ ಸೆಟ್ಟಿಂಗ್‌ನಲ್ಲಿ ಎನ್‌ಕ್ರಿಪ್ಟ್ ಫೋನ್ ಇದೆಯಾ ನೋಡಿ, ಇದ್ದರೆ ಮೊದಲು ಅದು, ಆಮೇಲೆ ರೀಸೆಟ್.

ರೀಸೆಟ್‌ಗೆ ಮುಂಚೆ ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯಿರಿ. ಮೆಮೊರಿ ಕಾರ್ಡನ್ನು ಮರೆತು ಕೊಡುವವರು ಬಹಳ ಜನ, ರೀಸೆಟ್ ಅದನ್ನು ಮುಟ್ಟುವುದಿಲ್ಲ. ವಾಟ್ಸಾಪ್ ಬ್ಯಾಕಪ್ ಮಾಡಿಕೊಳ್ಳಿ, ಓಟಿಪಿ ಕೊಡುವ ಅಥೆಂಟಿಕೇಟರ್ ಆಪ್ ಇದ್ದರೆ ಹೊಸ ಫೋನಿಗೆ ಸಾಗಿಸಿ. ಗೂಗಲ್ ಅಕೌಂಟನ್ನು ಸೆಟ್ಟಿಂಗ್ಸ್‌ನಿಂದ ತೆಗೆದು ಆಮೇಲೆ ರೀಸೆಟ್ ಮಾಡಿ, ಇಲ್ಲದಿದ್ದರೆ ಕೊಂಡವರಿಗೆ ನಿಮ್ಮ ಪಾಸ್‌ವರ್ಡ್ ಕೇಳಿಕೊಂಡು ಲಾಕ್ ಆಗಿ ಕೂರುತ್ತದೆ, ಅವರು ರಾತ್ರಿ ಹತ್ತಕ್ಕೆ ನಿಮಗೆ ಫೋನ್ ಮಾಡುತ್ತಾರೆ. ಐಫೋನಿನಲ್ಲಿ ಫೈಂಡ್ ಮೈ ಆಫ್ ಮಾಡಿ.

ಡಿಸ್‌ಪ್ಲೇ ಒಡೆದು ಏನೂ ಕಾಣಿಸುತ್ತಿಲ್ಲ, ಆದರೆ ರಿಂಗ್ ಆಗುತ್ತಿದೆ ಅಂದರೆ? ಇಂಟರ್‌ನೆಟ್‌ಗೆ ಸೇರಿಕೊಂಡಿದ್ದರೆ ಕಂಪ್ಯೂಟರಿನಿಂದ ಗೂಗಲ್‌ನ ಫೈಂಡ್ ಹಬ್ (ಮೊದಲಿನ ಹೆಸರು ಫೈಂಡ್ ಮೈ ಡಿವೈಸ್) ಪುಟಕ್ಕೆ ಅದೇ ಅಕೌಂಟಿನಲ್ಲಿ ಹೋಗಿ ಅಲ್ಲಿಂದಲೇ ಇರೇಸ್ ಕೊಡಬಹುದು. ಐಕ್ಲೌಡ್‌ನಲ್ಲೂ ಹೀಗೇ. ಪೂರ್ತಿ ಸತ್ತ ಫೋನನ್ನು ಸುತ್ತಿಗೆಯಿಂದ ಜಜ್ಜಬೇಡಿ, ಡ್ರಿಲ್ ಹಾಕಬೇಡಿ. ಒಳಗಿರುವ ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಹೊತ್ತಿಕೊಂಡು ಉರಿಯಬಹುದು, ಸುಲಭಕ್ಕೆ ಆರುವ ಬೆಂಕಿಯಲ್ಲ. ರಿಪೇರಿ ಅಂಗಡಿಯಲ್ಲಿ ಕಣ್ಣೆದುರೇ ಬ್ಯಾಟರಿ ಬಿಚ್ಚಿಸಿ, ಬೋರ್ಡನ್ನು ಕೈಗೆ ಇಸಿದುಕೊಳ್ಳಿ. ಆಮೇಲೆ ಬೋರ್ಡ್ ಮೇಲಿನ ಚಿಪ್‌ಗಳನ್ನು ಪುಡಿ ಮಾಡಬಹುದು.

ಆನ್ ಆಗದ ಹಾರ್ಡ್‌ಡಿಸ್ಕ್ ಒಡೆಯುವುದು

ಕಂಪ್ಯೂಟರಿಗೆ ಕಾಣಿಸದ ಡಿಸ್ಕ್‌ಗೆ ಸೊನ್ನೆ ಬರೆಯಲಾಗುವುದಿಲ್ಲ. ಆದರೆ ಬೋರ್ಡ್ ಸುಟ್ಟಿದ್ದರೂ ಒಳಗಿನ ತಟ್ಟೆಗಳು ಚೆನ್ನಾಗೇ ಇರುತ್ತವೆ. ಮೇಲಿಂದ ನಾಲ್ಕು ಏಟು ಹಾಕಿದರೆ ಮುಗಿಯಿತು ಅನ್ನುವವರಿಗೆ ಕೊಲಂಬಿಯಾ ಗಗನನೌಕೆಯ ಡಿಸ್ಕ್ ನೆನಪಿಸಬೇಕು. 2003ರಲ್ಲಿ, ಕರ್ನಾಲ್‌ನ ಕಲ್ಪನಾ ಚಾವ್ಲಾ ಇದ್ದ ಆ ನೌಕೆ ವಾತಾವರಣದಲ್ಲೇ ಚೂರಾಗಿ ಉರಿದು ಬಿತ್ತು. ಅವಶೇಷದಲ್ಲಿ ಸಿಕ್ಕ, ಸುಟ್ಟು ಕರಕಲಾದ 400 ಎಂಬಿಯ ಸೀಗೇಟ್ ಡಿಸ್ಕ್‌ನಿಂದ ಕ್ರೋಲ್ ಆನ್‌ಟ್ರ್ಯಾಕ್ ಕಂಪನಿಯವರು 99 ಪರ್ಸೆಂಟ್ ಡೇಟಾ ತೆಗೆದರು. ಹೊರಗಿನ ಡಬ್ಬ ಹೇಗೆ ಕಾಣುತ್ತದೆ ಅನ್ನುವುದಕ್ಕೆ ಬೆಲೆಯಿಲ್ಲ, ತಟ್ಟೆ ಹಾಳಾಗಬೇಕು.

ಬಿಚ್ಚುವುದು ಕಷ್ಟವಲ್ಲ. ಮುಚ್ಚಳದ ಸ್ಕ್ರೂಗಳ ತಲೆ ನಕ್ಷತ್ರದ ಆಕಾರದ್ದು, ಟಾರ್ಕ್ಸ್ ಅನ್ನುತ್ತಾರೆ. ದೊಡ್ಡ ಡಿಸ್ಕಿಗೆ ಸಾಮಾನ್ಯವಾಗಿ ಟಿ8, ಲ್ಯಾಪ್‌ಟಾಪಿನದಕ್ಕೆ ಟಿ6 ಅಥವಾ ಇನ್ನೂ ಚಿಕ್ಕದು, ಮೊಬೈಲ್ ರಿಪೇರಿ ಕಿಟ್‌ನಲ್ಲಿ ಇರುತ್ತವೆ. ಸುತ್ತಲಿನ ಸ್ಕ್ರೂ ಎಲ್ಲ ತೆಗೆದರೂ ಮುಚ್ಚಳ ಏಳುವುದಿಲ್ಲ, ಯಾಕೆಂದರೆ ಒಂದು ಸ್ಕ್ರೂ ಲೇಬಲ್ ಕೆಳಗೆ ಅಡಗಿರುತ್ತದೆ. ಲೇಬಲ್ ಮೇಲೆ ಹೆಬ್ಬೆರಳು ಒತ್ತುತ್ತಾ ಹೋಗಿ, ಒಂದು ಕಡೆ ಮೆತ್ತಗೆ ಗುಳಿ ಬೀಳುತ್ತದೆ, ಅಲ್ಲೇ ಚುಚ್ಚಿ. ಸುತ್ತ ರಬ್ಬರ್ ಅಂಟಿರುವುದರಿಂದ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಕು. ಒಳಗೆ ಮುಖ ನೋಡಿಕೊಳ್ಳುವಷ್ಟು ಹೊಳೆಯುವ ತಟ್ಟೆ, ಒಂದಿರಬಹುದು, ಮೂರ್ನಾಲ್ಕಿರಬಹುದು. ಮೂಲೆಯಲ್ಲಿ ಎರಡು ಅಯಸ್ಕಾಂತ. ಅವನ್ನು ಹಗುರವಾಗಿ ನೋಡಬೇಡಿ, ಎರಡರ ಮಧ್ಯೆ ಬೆರಳು ಸಿಕ್ಕರೆ ರಕ್ತ ಹೆಪ್ಪುಗಟ್ಟುವಷ್ಟು ಜೋರಾಗಿ ಕಚ್ಚುತ್ತವೆ. ಪೇಸ್‌ಮೇಕರ್ ಇರುವವರು ಈ ಕೆಲಸಕ್ಕೆ ಬರಲೇಬೇಡಿ. (ಅಂದ ಹಾಗೆ ಫ್ರಿಜ್ ಮೇಲಿನ ಅಯಸ್ಕಾಂತ ಉಜ್ಜಿದರೆ ಡಿಸ್ಕ್ ಅಳಿಸಿಹೋಗುತ್ತದೆ ಅನ್ನುವುದು ಸುಳ್ಳು. ಡಿಸ್ಕ್ ತನ್ನ ಹೊಟ್ಟೆಯೊಳಗೇ ಅದಕ್ಕಿಂತ ಬಲವಾದ್ದನ್ನು ಇಟ್ಟುಕೊಂಡು ಬದುಕಿದೆ.)

ತಟ್ಟೆ ಅಲ್ಯೂಮಿನಿಯಂದಾದರೆ ಒರಟು ಸ್ಯಾಂಡ್‌ಪೇಪರ್‌ನಿಂದ ಎರಡೂ ಮುಖ ಹೊಳಪು ಹೋಗುವಂತೆ ಉಜ್ಜಿ, ಆಮೇಲೆ ಇಕ್ಕಳದಿಂದ ಬಗ್ಗಿಸಿ ಮಡಚಿ. ಲ್ಯಾಪ್‌ಟಾಪ್ ಡಿಸ್ಕ್‌ನ ತಟ್ಟೆ ಎಷ್ಟೋ ಸಲ ಗಾಜಿನದು. ನೋಡಲು ಥೇಟ್ ಲೋಹವೇ, ಬಗ್ಗಿಸಿದರೆ ಢಬ್ಬನೆ ಸಿಡಿದು ಚೂರು ಮುಖಕ್ಕೇ ಬರುತ್ತದೆ. ಅದನ್ನು ಬಿಚ್ಚದೆ, ಡಬ್ಬದ ಸಮೇತ ದಪ್ಪ ಗೋಣಿಚೀಲದಲ್ಲಿ ಸುತ್ತಿ ತಟ್ಟೆ ಇರುವ ಕಡೆ ಸುತ್ತಿಗೆ ಹಾಕಿ. ಅಲುಗಾಡಿಸಿದಾಗ ಒಳಗೆ ಮರಳಿನಂತೆ ಜರಜರ ಸದ್ದು ಬಂದರೆ ಕೆಲಸ ಆಯಿತು. ಕನ್ನಡಕ, ಗ್ಲೌಸ್ ಎರಡೂ ಬೇಕು, ಮಕ್ಕಳು ಹತ್ತಿರ ಬೇಡ. ಬೆಂಕಿಗೆ ಹಾಕುವುದು, ಮೈಕ್ರೋವೇವ್‌ನಲ್ಲಿಡುವುದು, ಉಪ್ಪುನೀರಿನಲ್ಲಿ ನೆನೆಸುವುದು ಇವೆಲ್ಲ ಹುಚ್ಚಾಟ. ಹೊಗೆ ನಿಮ್ಮ ಪುಪ್ಪುಸಕ್ಕೆ, ಡೇಟಾ ಇನ್ನೂ ತಟ್ಟೆಯಲ್ಲಿ.

ಸಿಡಿ, ಡಿವಿಡಿ ಕತ್ತರಿಯಿಂದ ನಾಲ್ಕು ತುಂಡು ಮಾಡಿ, ಸಾಕು. ಸಿಡಿಗೆ ಗೀರು ಹಾಕುವುದಾದರೆ ಹೊಳೆಯುವ ಕೆಳಭಾಗಕ್ಕಲ್ಲ, ಹೆಸರು ಬರೆಯುವ ಮೇಲ್ಭಾಗಕ್ಕೆ ಹಾಕಿ, ಡೇಟಾ ಪದರ ಅದಕ್ಕೇ ಅಂಟಿಕೊಂಡಿರುವುದು. ಫ್ಲಾಪಿ ಯಾರ ಹತ್ತಿರವಾದರೂ ಇದ್ದರೆ ಒಳಗಿನ ತೆಳು ಪ್ಲಾಸ್ಟಿಕ್ ತಟ್ಟೆಯನ್ನು ಕತ್ತರಿಸಿ.

ಯಾರಿಗೂ ನೆನಪಾಗದ ಡಿಸ್ಕ್‌ಗಳು

ಸಿಸಿಟಿವಿ ಡಿವಿಆರ್ ಬದಲಾಯಿಸುವಾಗ ಹಳೇ ಡಬ್ಬವನ್ನು ಫಿಟ್ ಮಾಡುವವರೇ ಒಯ್ಯುತ್ತಾರೆ. ಅದರಲ್ಲಿ ನಿಮ್ಮ ಮನೆಗೆ ಯಾರು ಯಾವಾಗ ಬರುತ್ತಾರೆ, ಮನೆ ಯಾವಾಗ ಖಾಲಿ ಇರುತ್ತದೆ ಎಲ್ಲ ಇದೆ. ಡಿವಿಆರ್ ಮೆನುವಿನ ಫಾರ್ಮ್ಯಾಟ್ ನಂಬಬೇಡಿ, ಡಿಸ್ಕ್ ಬಿಚ್ಚಿ ಕ್ಲೀನ್ ಆಲ್ ಕೊಡಿ. ಆಫೀಸಿನ ದೊಡ್ಡ ಜೆರಾಕ್ಸ್ ಯಂತ್ರದೊಳಗೂ ಹಾರ್ಡ್‌ಡಿಸ್ಕ್ ಇರುತ್ತದೆ, ಕಾಪಿ ತೆಗೆದ ಕಾಗದದ ಚಿತ್ರ ಅದರಲ್ಲಿ ಉಳಿದಿರಬಹುದು. ಅಮೆರಿಕದ ಅಫಿನಿಟಿ ಹೆಲ್ತ್ ಪ್ಲಾನ್ ಎಂಬ ಆರೋಗ್ಯ ವಿಮೆ ಸಂಸ್ಥೆ ಬಾಡಿಗೆ ಜೆರಾಕ್ಸ್ ಯಂತ್ರಗಳನ್ನು ಒರೆಸದೆ ವಾಪಸ್ ಕೊಟ್ಟು, 2013ರಲ್ಲಿ 12 ಲಕ್ಷ ಡಾಲರ್ ಮೇಲೆ ತೆರಬೇಕಾಯಿತು. ಬಾಡಿಗೆ ಯಂತ್ರ ಹಿಂದಿರುಗಿಸುವ ಮುಂಚೆ ಸರ್ವಿಸ್‌ನವರಿಂದ ಡಿಸ್ಕ್ ಇರೇಸ್ ಮಾಡಿಸಿ, ಬರೆಸಿಕೊಳ್ಳಿ.

ಆಮೇಲೆ ಎಲ್ಲಿಗೆ

ಒರೆಸಿದ್ದು ಕೆಲಸಕ್ಕೆ ಬರುವಂತಿದ್ದರೆ ಮಾರಿ, ಯಾರಿಗಾದರೂ ಕೊಡಿ. ಚೆನ್ನಾಗಿರುವ ಡಿಸ್ಕನ್ನು ಸುಮ್ನೆ ಒಡೆಯುವುದು ನನಗೆ ಹಿಡಿಸುವುದಿಲ್ಲ. ಒಡೆದದ್ದನ್ನು ಒಣ ಕಸಕ್ಕೆ ಹಾಕಬೇಡಿ, ಅದು ಇ-ತ್ಯಾಜ್ಯ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಣಿ ಇರುವ ಮರುಬಳಕೆದಾರರಿಗೇ ಹೋಗಬೇಕು. ನಮ್ಮಲ್ಲಿ ದಾಬಸ್‌ಪೇಟೆಯ ಇ-ಪರಿಸರ 2005ರಿಂದಲೇ ಈ ಕೆಲಸದಲ್ಲಿದೆ. ಮನೆಯವರು ಒಂದು ಡಬ್ಬ ಇಟ್ಟು ಕೂಡಿಸಿಕೊಂಡು, ಅಪಾರ್ಟ್‌ಮೆಂಟಿನಲ್ಲೋ ಬಡಾವಣೆಯಲ್ಲೋ ಇ-ತ್ಯಾಜ್ಯ ಸಂಗ್ರಹಿಸುವ ದಿನ ಕೊಟ್ಟರೆ ಸಾಕು.

ಆಫೀಸಿನವರು ಮೂಟೆಗಟ್ಟಲೆ ಡಿಸ್ಕ್ ಕೊಡುವಾಗ ಡೇಟಾ ನಾಶದ ಸರ್ಟಿಫಿಕೇಟ್ ಕೇಳಿ. "50 ಹಾರ್ಡ್‌ಡಿಸ್ಕ್ ನಾಶಪಡಿಸಲಾಗಿದೆ" ಎಂದು ಒಂದು ಸಾಲು ಬರೆದ ಕಾಗದ ಉಪಯೋಗಕ್ಕೆ ಬಾರದು, ಒಂದೊಂದರ ಸೀರಿಯಲ್ ನಂಬರ್ ಇರಬೇಕು, ನಿಮ್ಮ ಪಟ್ಟಿಗೆ ತಾಳೆಯಾಗಬೇಕು. ಮಾರ್ಗನ್ ಸ್ಟ್ಯಾನ್ಲಿಯಂಥ ಬ್ಯಾಂಕೇ ಈ ಅನುಭವ ಇಲ್ಲದ ಸಾಗಾಣಿಕೆ ಕಂಪನಿಗೆ ಹಳೇ ಡಿಸ್ಕ್ ಕೊಟ್ಟಿತು, ಅವು ಆನ್‌ಲೈನ್ ಹರಾಜಿನಲ್ಲಿ ಗ್ರಾಹಕರ ಡೇಟಾ ಸಮೇತ ಮಾರಾಟವಾದವು, 2022ರಲ್ಲಿ 3.5 ಕೋಟಿ ಡಾಲರ್ ದಂಡ ಬಿತ್ತು. ನಮ್ಮ ದೇಶದ 2023ರ ಡಿಪಿಡಿಪಿ, ಅಂದರೆ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲೂ ಜನರ ಡೇಟಾ ಕಾಪಾಡಿಕೊಳ್ಳದಿದ್ದರೆ ದಂಡದ ಮೇಲ್ಮಿತಿ ₹250 ಕೋಟಿ.

ಇನ್ನೊಂದು ಉಳಿಯಿತು, ವಾರಂಟಿ. ವಾರಂಟಿಯೊಳಗೆ ಡಿಸ್ಕ್ ಕೆಟ್ಟರೆ ಹೊಸದು ಕೊಡುತ್ತಾರೆ, ಹಳೆಯದನ್ನು ಒಯ್ಯುತ್ತಾರೆ, ಒಳಗಿದ್ದದ್ದೂ ಜೊತೆಗೇ ಹೋಗುತ್ತದೆ. ಕೆಟ್ಟ ಡಿಸ್ಕನ್ನು ನಿಮ್ಮಲ್ಲೇ ಬಿಡುವ ಪ್ಲಾನನ್ನು ಡೆಲ್, ಎಚ್‌ಪಿ ಆಫೀಸಿನವರಿಗೆ ಹೆಚ್ಚಿನ ದುಡ್ಡಿಗೆ ಮಾರುತ್ತವೆ, ಕಂಪ್ಯೂಟರ್ ಕೊಳ್ಳುವಾಗಲೇ ಕೇಳಬೇಕು. ಮನೆ ಡಿಸ್ಕ್ ಆದರೆ ಲೆಕ್ಕ ನಿಮ್ಮದೇ: ಮೊದಲ ದಿನದಿಂದ ಬಿಟ್‌ಲಾಕರ್ ಹಾಕಿದ್ದರೆ ನಿಶ್ಚಿಂತೆಯಿಂದ ಕಳಿಸಿ, ಇಲ್ಲದಿದ್ದರೆ ವಾರಂಟಿ ಬಿಟ್ಟು ಹೊಸದಕ್ಕೆ ದುಡ್ಡು ಕೊಡುವುದೇ ಅಗ್ಗ.